ನಾಯಿಮರಿಗೆ ತಾಯಿಯ ಹೊಟ್ಟೆಯಲ್ಲೇ ತಗಲುವ ರಕ್ತದ ರೋಗ

ತೋಟದ ವಸ್ತಿಯ ನಾಯಿ ಕಾರ್ತಿಕದ ಚಳಿಯಲ್ಲಿ ಐದಾರು ಮರಿ ಹಾಕುತ್ತದೆ. ಮೊದಲ ವಾರ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಎರಡನೆಯ ವಾರ ಕಳೆಯುತ್ತಿದ್ದಂತೆ ಒಂದು ಮರಿ ಗುಂಪು ಬಿಟ್ಟು ಮೂಲೆಯಲ್ಲಿ ಮಲಗುತ್ತದೆ. ಮೊಲೆ ಹಿಡಿಯುವುದಿಲ್ಲ. ಬಾಯಿ ತೆರೆದು ನೋಡಿದರೆ ಒಸಡು ಸುಣ್ಣ ಬಳಿದ ಹಾಗೆ ಬಿಳಚಿಕೊಂಡಿರುತ್ತದೆ. ಎರಡು ದಿನದಲ್ಲಿ ಅದು ಸಾಯುತ್ತದೆ, ಅದರ ಹಿಂದೆಯೇ ಇನ್ನೊಂದು. ಮನೆಯಲ್ಲಿ ಒಬ್ಬರು ದೃಷ್ಟಿ ತಾಗಿತು ಎನ್ನುತ್ತಾರೆ, ಇನ್ನೊಬ್ಬರು ಥಂಡಿ ಹಿಡಿಯಿತು ಎನ್ನುತ್ತಾರೆ, ಹಿರಿಯರು ತಾಯಿಯ ಹಾಲೇ ಕೆಟ್ಟಿದೆ ಎನ್ನುತ್ತಾರೆ. ಥಂಡಿಯ ಮಾತು ಎಷ್ಟೋ ಸಲ ನಿಜ. ಹಾಲಿನ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ, ಅದನ್ನು ಮುಂದೆ ನೋಡೋಣ. ಆದರೆ ಯಾರೂ ಹೇಳದ ಕಾರಣವೊಂದಿದೆ. ತಾಯಿಯ ರಕ್ತದಲ್ಲಿ ಅಡಗಿದ್ದ ಪರೋಪಜೀವಿಯು ಮಾಸಿನ ಮೂಲಕ ದಾಟಿ, ಮರಿ ಕಣ್ಣು ತೆರೆಯುವ ಮೊದಲೇ ಅದರ ಮೈ ಸೇರಿರಬಹುದು.

ರೈತ ಬಂಧುಗಳೇ, ನಾಯಿಯ ರೋಗಕ್ಕೆ ಇಷ್ಟೊಂದು ಜಾಗ ಯಾಕೆ ಎಂದು ಕೇಳಬೇಡಿ. ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗುವವನ ಮುಂದೆ ನಡೆಯುವುದು ನಾಯಿ. ಕೊಟ್ಟಿಗೆಯ ದನ, ಕಣದ ಸೋಯಾಬೀನ್, ಕುರಿಯ ಹಿಂಡು ಎಲ್ಲವೂ ಅದರ ಕಾವಲಿನಲ್ಲಿವೆ. ಹಾಗೆಯೇ ನಮ್ಮಲ್ಲಿ ಮರಿಯನ್ನು ಮಾರುವುದಕ್ಕಿಂತ ಕೊಡುವುದೇ ಹೆಚ್ಚು. ಬೀಗರಿಗೊಂದು, ನೆರೆಯ ವಸ್ತಿಗೊಂದು, ಕುರಿಯವರಿಗೊಂದು. ಸೋಂಕಿರುವ ಮರಿಯನ್ನು ಕೊಟ್ಟರೆ ರೋಗವನ್ನೂ ಅದರ ಜೊತೆಗೇ ಕಳುಹಿಸಿದಂತಾಗುತ್ತದೆ, ಅದೂ ಪ್ರೀತಿಯಿಂದ.

ಈ ರೋಗಾಣುಗಳು ನಮ್ಮ ದೇಶದಲ್ಲೇ ಪತ್ತೆಯಾದವು

ನಾಯಿಯ ರಕ್ತದಲ್ಲಿ ಬದುಕುವ ಪರೋಪಜೀವಿಗಳ ಪೈಕಿ ಎರಡನ್ನು ಜಗತ್ತಿನಲ್ಲಿ ಮೊದಲು ಕಂಡದ್ದು ಭಾರತದಲ್ಲಿಯೇ. 1905ರಲ್ಲಿ ಎಸ್. ಪಿ. ಜೇಮ್ಸ್ ಎಂಬ ವೈದ್ಯಾಧಿಕಾರಿ ಇಲ್ಲಿನ ನಾಯಿಗಳ ಬಿಳಿ ರಕ್ತಕಣಗಳ ಒಳಗೆ ಕುಳಿತ ಒಂದು ಜೀವಿಯನ್ನು ವರ್ಣಿಸಿದರು. ಅದಕ್ಕೆ ಈಗ ಹೆಪಟೊಜೂನ್ ಕ್ಯಾನಿಸ್ ಎಂದು ಹೆಸರು. ಐದು ವರ್ಷಗಳ ನಂತರ, 1910ರಲ್ಲಿ, ಮದ್ರಾಸಿನಲ್ಲಿ ಡಬ್ಲ್ಯು. ಎಸ್. ಪ್ಯಾಟನ್ ಅವರು ಮದ್ರಾಸ್ ಹಂಟ್ ಎಂಬ ಬೇಟೆಯ ಕೂಟದ ನಾಯಿಗಳ ಕೆಂಪು ರಕ್ತಕಣಗಳಲ್ಲಿ ಇನ್ನೊಂದನ್ನು ಕಂಡರು. ಆಮೇಲೆ ಅದೇ ಜೀವಿ ನರಿಗಳ ರಕ್ತದಲ್ಲಿಯೂ ಸಿಕ್ಕಿತು. ಅದು ಬಬೇಸಿಯಾ ಗಿಬ್ಸೋನಿ. ನರಿಗೆ ಅದರಿಂದ ದೊಡ್ಡ ತೊಂದರೆ ಕಾಣುವುದಿಲ್ಲ, ಸಾಕುನಾಯಿಗೆ ಮಾತ್ರ ಅದು ಮಾರಕವಾಗಬಲ್ಲದು. ನಮ್ಮ ಕಬ್ಬಿನ ಪಡಗಳಲ್ಲಿ ನರಿಗಳು ಮನೆ ಮಾಡಿಕೊಂಡಿರುವುದನ್ನು ಬಲ್ಲವರು ಈ ಮಾತನ್ನು ಲಕ್ಷ್ಯದಲ್ಲಿ ಇಟ್ಟುಕೊಳ್ಳಬೇಕು.

ಇವಲ್ಲದೆ ಬಬೇಸಿಯಾ ವೊಗೆಲಿ ಎಂಬ ಇನ್ನೊಂದು ಜಾತಿ, ಮತ್ತು ಎರ್ಲಿಕಿಯಾ ಕ್ಯಾನಿಸ್ ಎಂಬುದೂ ನಮ್ಮ ನಾಯಿಗಳಲ್ಲಿ ಸಾಮಾನ್ಯ. ಎರ್ಲಿಕಿಯಾ ಪರೋಪಜೀವಿಯಲ್ಲ, ಬ್ಯಾಕ್ಟೀರಿಯಾ ಜಾತಿಯದು, 1935ರಲ್ಲಿ ಅಲ್ಜೀರಿಯಾದಲ್ಲಿ ಗುರುತಿಸಿದ್ದು. ಆದರೆ ಉಣ್ಣಿಯಿಂದಲೇ ಬರುವುದರಿಂದ ಇದನ್ನೂ ಜೊತೆಗೆ ಲೆಕ್ಕ ಹಿಡಿಯಬೇಕಾಗುತ್ತದೆ. ಮುಂಬೈ, ದೆಹಲಿ, ಸಿಕ್ಕಿಂ ಮತ್ತು ಲಡಾಖಿನ ನಾಯಿಗಳ ರಕ್ತ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹೆಪಟೊಜೂನ್, ನಂತರ ಎರ್ಲಿಕಿಯಾ. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಬೀದಿನಾಯಿಯೂ ಇವುಗಳನ್ನು ಹೊತ್ತು ತಿರುಗುತ್ತಿರಬಹುದು.

ತಾಯಿಯಿಂದ ಮರಿಗೆ ಎಂಬುದು ಹೇಗೆ ಗೊತ್ತಾಯಿತು

ಬಹಳ ಕಾಲ ಪಶುವೈದ್ಯರು ಮರಿಯ ರಕ್ತದಲ್ಲಿ ರೋಗಾಣು ಕಂಡರೆ ಉಣ್ಣಿ ಕಚ್ಚಿರಬೇಕು ಎಂದೇ ತಿಳಿಯುತ್ತಿದ್ದರು. ಅದು ತಪ್ಪು ಊಹೆಯೇನೂ ಅಲ್ಲ. ತಾಯಿ ಮಲಗುವ ಗೋಣಿಚೀಲದ ತುಂಬ ಉಣ್ಣಿ ಇರುವಾಗ ಮರಿಯನ್ನು ಅವು ಬಿಟ್ಟಾವೆಯೇ? ಆದರೆ ದಿನಗಳ ಲೆಕ್ಕ ಹಾಕಿದರೆ ಸಂಶಯ ಹುಟ್ಟುತ್ತದೆ. ಬಬೇಸಿಯಾ ಇರುವ ಉಣ್ಣಿ ಕಚ್ಚಿದ ಮೇಲೆ ರೋಗಾಣು ಉಣ್ಣಿಯ ಜೊಲ್ಲಿನಲ್ಲಿ ಇಳಿದು ಬರಲು ಎರಡು ಮೂರು ದಿನ ಬೇಕು. ಆಮೇಲೆ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ದಿನದಿಂದ ಮೂರು ವಾರ. ಹಾಗಿದ್ದರೆ ಹುಟ್ಟಿ ಎಂಟು ಹತ್ತು ದಿನದ ಮರಿ ಕಾಯಿಲೆ ಬಿದ್ದಾಗ, ಅದರ ರಕ್ತದಲ್ಲಿ ಬಬೇಸಿಯಾ ತುಂಬಿರುವಾಗ, ಅದು ಎಲ್ಲಿಂದ ಬಂತು?

1993ರಲ್ಲಿ ಜಪಾನಿನ ಸಂಶೋಧಕರು ಹೆಪಟೊಜೂನ್ ಸೋಂಕಿದ್ದ ಹೆಣ್ಣುನಾಯಿಗಳ ಮರಿಗಳನ್ನು ಉಣ್ಣಿ ಇಲ್ಲದ ಜಾಗದಲ್ಲಿ ಸಾಕಿ ನೋಡಿದರು. ಆದರೂ ಮರಿಗಳ ರಕ್ತದಲ್ಲಿ ಅದೇ ರೋಗಾಣು ಕಂಡಿತು. 2005ರಲ್ಲಿ ಅದೇ ದೇಶದಲ್ಲಿ ಬಬೇಸಿಯಾ ಗಿಬ್ಸೋನಿ ಸೋಂಕಿದ್ದ ನಾಯಿಯೊಂದರ ಮರಿಗಳನ್ನು ಪರೀಕ್ಷಿಸಲಾಯಿತು. ಒಂದು ಸೂಲಿನಲ್ಲಿ ಜೀವಂತವಾಗಿ ಹುಟ್ಟಿದ ಮರಿಗಳು ಎರಡನೆಯ ವಾರದಿಂದ ಆರನೆಯ ವಾರದೊಳಗೆ ಒಂದೊಂದಾಗಿ ಸತ್ತವು. ಸೋಂಕು ಬಂದದ್ದು ಗರ್ಭದಲ್ಲಿ, ಮಾಸಿನ ಮೂಲಕ ಎಂದು ಅಲ್ಲಿ ನಿರ್ಧಾರವಾಯಿತು. 2014ರಲ್ಲಿ ಪೋಲೆಂಡಿನಿಂದ ಬಂದ ವರದಿಯಲ್ಲಿ ಕುರಿ ಕಾಯುವ ದೊಡ್ಡ ಜಾತಿಯ ನಾಯಿಯೊಂದರ ಮರಿಗಳಿಗೆ ಬಬೇಸಿಯಾ ಕ್ಯಾನಿಸ್ ತಾಯಿಯಿಂದಲೇ ಬಂದದ್ದು ಕಂಡಿತು. ನಮ್ಮ ವೊಗೆಲಿ ಅದರ ದಾಯಾದಿ.

ನಾಯಿಯ ಗಬ್ಬದ ಅವಧಿ 63 ದಿನ. ಈ ಒಂಬತ್ತು ವಾರದಲ್ಲಿ ತಾಯಿಯ ಮೈಯ ರೋಗನಿರೋಧಕ ಶಕ್ತಿ ಸ್ವಲ್ಪ ಸಡಿಲವಾಗುತ್ತದೆ. ಹಳೆಯ ಸೋಂಕು ಇದ್ದ ನಾಯಿಯಲ್ಲಿ ಗುಲ್ಮದಲ್ಲಿ ಅಡಗಿ ಕುಳಿತಿದ್ದ ಬಬೇಸಿಯಾ ಮತ್ತೆ ರಕ್ತಕ್ಕೆ ಇಳಿಯಬಹುದು. ತಾಯಿಗೆ ಒಂದೆರಡು ದಿನ ಊಟ ಸೇರದೇ ಹೋದೀತು, ಅಷ್ಟೇ. ನಾವು ಅದನ್ನು ಬಸುರಿಯ ಬಯಕೆ ಎಂದು ನಕ್ಕು ಬಿಡುತ್ತೇವೆ. ಅದೇ ವೇಳೆಗೆ ಒಳಗೆ ಮರಿಗಳಿಗೆ ಸೋಂಕು ದಾಟಿರುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ನಾಯಿಯ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 80ರಿಂದ 90 ಮಿಲಿ ರಕ್ತ ಇರುತ್ತದೆ. ಅರ್ಧ ಕಿಲೋ ತೂಗುವ ಮರಿಯಲ್ಲಿ ಸುಮಾರು 40 ಮಿಲಿ, ಅಂದರೆ ಅರ್ಧ ಕಪ್ ಚಹಾದಷ್ಟೂ ಅಲ್ಲ. ಬಬೇಸಿಯಾ ಕೆಂಪು ಕಣಗಳ ಒಳಗೆ ಹೊಕ್ಕು, ಇಬ್ಭಾಗವಾಗಿ, ಕಣವನ್ನೇ ಒಡೆದು ಹೊರಬರುತ್ತದೆ. ಇಪ್ಪತ್ತು ಕಿಲೋ ತೂಕದ ತಾಯಿ ತಡೆದುಕೊಳ್ಳುವ ನಷ್ಟವನ್ನು ಮರಿ ತಡೆದುಕೊಳ್ಳಲಾರದು. ಹೀಗಾಗಿ ಒಸಡು ಬಿಳಚುತ್ತದೆ, ಉಸಿರು ಜೋರಾಗುತ್ತದೆ, ಕೆಲವೊಮ್ಮೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ದನಗಳಲ್ಲಿ ಕೆಂಪು ಮೂತ್ರದ ರೋಗವನ್ನು ಕಂಡವರಿಗೆ ಇದು ಹೊಸದಲ್ಲ. ಅದೂ ಬಬೇಸಿಯಾದ್ದೇ, ಜಾತಿ ಮಾತ್ರ ಬೇರೆ.

ಉಣ್ಣಿಯಲ್ಲಿಯೂ ತಾಯಿಯಿಂದ ಮಕ್ಕಳಿಗೆ

ಮರಾಠಿಯಲ್ಲಿ ಗೋಚೀಡ ಎಂದು ಕರೆಯುವ ಉಣ್ಣಿಯ ಸಂಸಾರದಲ್ಲಿಯೂ ಇದೇ ಕಥೆ ನಡೆಯುತ್ತದೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ವಿಕ್ಟರ್ ಬಾಬೆಶ್ ಎಂಬವರು 1888ರಲ್ಲಿ ರುಮೇನಿಯಾದ ದನಗಳ ರಕ್ತದಲ್ಲಿ ಈ ಜೀವಿಯನ್ನು ಮೊದಲು ಕಂಡರು. ಬಬೇಸಿಯಾ ಎಂಬ ಹೆಸರು ಅವರಿಂದಲೇ ಬಂತು. 1893ರಲ್ಲಿ ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಅವರು ದನಗಳ ಟೆಕ್ಸಾಸ್ ಜ್ವರವನ್ನು ಹರಡುವುದು ಉಣ್ಣಿ ಎಂದು ತೋರಿಸಿದರು. ರೋಗದ ದನದ ರಕ್ತ ಕುಡಿದ ಹೆಣ್ಣುಣ್ಣಿ ಮೊಟ್ಟೆಯಿಟ್ಟರೆ, ಆ ಮೊಟ್ಟೆಯೊಡೆದು ಬಂದ ಮರಿಗಳು ಯಾವ ರೋಗಿ ದನವನ್ನೂ ಮುಟ್ಟದೆಯೇ ರೋಗ ಹರಡಬಲ್ಲವು ಎಂಬುದು ಅವರ ಶೋಧನೆ. ಕೀಟದಂಥ ಜೀವಿ ರೋಗ ಹರಡುತ್ತದೆ ಎಂಬುದನ್ನು ಆಗ ನಂಬುವವರೇ ಕಡಿಮೆ. ಮಲೇರಿಯಾಕ್ಕೆ ಸೊಳ್ಳೆ ಕಾರಣ ಎಂದು ತಿಳಿದದ್ದು ಇದಾದ ನಾಲ್ಕು ವರ್ಷಗಳ ಮೇಲೆ.

ನಾಯಿಯ ಮೈಮೇಲಿನ ಕಂದು ಉಣ್ಣಿಯೂ ಬಬೇಸಿಯಾ ವೊಗೆಲಿಯನ್ನು ಹೀಗೆಯೇ ಮೊಟ್ಟೆಗೆ ದಾಟಿಸುತ್ತದೆ. ರಕ್ತ ಕುಡಿದು ಹುರುಳಿಕಾಳಿನಿಂದ ದ್ರಾಕ್ಷಿಯಷ್ಟು ಉಬ್ಬಿದ ಹೆಣ್ಣು ನಾಯಿಯನ್ನು ಬಿಟ್ಟು ಇಳಿದು, ಗೋಡೆ ಹತ್ತಿ, ಬಿರುಕಿನಲ್ಲಿಯೋ ಹೆಂಚಿನ ಸಂದಿಯಲ್ಲಿಯೋ ಸೇರಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಒಂದೇ ಹೆಣ್ಣು ನಾಲ್ಕು ಸಾವಿರದವರೆಗೂ ಇಡಬಲ್ಲದು. ಮೊಟ್ಟೆಯೊಡೆದ ಮರಿಗೆ ಆರೇ ಕಾಲು, ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಬೀಳುವುದಿಲ್ಲ. ಅದು ಒಮ್ಮೆ ರಕ್ತ ಕುಡಿದು ಇಳಿದು ಪೊರೆ ಬಿಟ್ಟು ಮತ್ತೆ ನಾಯಿಯನ್ನು ಹತ್ತುತ್ತದೆ, ದೊಡ್ಡದಾದ ಮೇಲೆ ಇನ್ನೊಮ್ಮೆ. ಹೀಗೆ ಮೂರು ಸಲ ಹತ್ತಿ ಇಳಿಯುವುದು ಅದರ ಬಾಳು. ಬೆಳೆದ ಉಣ್ಣಿ ಉಪವಾಸವಿದ್ದು ತಿಂಗಳುಗಟ್ಟಲೆ ಕಾಯಬಲ್ಲದು. ಆದುದರಿಂದ ನಾಯಿಯ ಮೈಯಿಂದ ಹತ್ತು ಉಣ್ಣಿ ಕಿತ್ತು ಕೈ ತೊಳೆದುಕೊಂಡರೆ ಕೆಲಸ ಮುಗಿಯಲಿಲ್ಲ, ನೂರು ಉಣ್ಣಿ ಗೋಡೆಯಲ್ಲಿವೆ.

ಹೆಪಟೊಜೂನಿನ ದಾರಿ ಇನ್ನೂ ವಿಚಿತ್ರ. ಉಣ್ಣಿ ಕಚ್ಚಿದರೆ ಅದು ಬರುವುದಿಲ್ಲ, ನಾಯಿ ಉಣ್ಣಿಯನ್ನು ತಿಂದರೆ ಬರುತ್ತದೆ. ತುರಿಕೆಗೆ ಮೈ ಕಡಿದುಕೊಳ್ಳುವಾಗ ಒಂದೆರಡು ಉಣ್ಣಿ ಬಾಯಿಗೆ ಹೋಗುವುದು ಯಾವ ನಾಯಿಗೂ ತಪ್ಪಿದ್ದಲ್ಲ. ಗಿಬ್ಸೋನಿಗೆ ಇನ್ನೊಂದು ದಾರಿಯಿದೆ, ನಾಯಿ ನಾಯಿ ಕಚ್ಚಾಡಿದ ಗಾಯದ ರಕ್ತ. ಕಾದಾಡಲು ಬಿಡುವ ನಾಯಿಗಳಲ್ಲಿ ಅದು ಹೆಚ್ಚು ಕಾಣುವುದನ್ನು ಅಮೆರಿಕ, ಆಸ್ಟ್ರೇಲಿಯಾದಲ್ಲಿ ಗಮನಿಸಿದ್ದಾರೆ. ಭಾದ್ರಪದದಲ್ಲಿ ಬೆದೆಗೆ ಬಂದ ಹೆಣ್ಣಿನ ಹಿಂದೆ ಏಳೆಂಟು ಗಂಡುಗಳು ಕಚ್ಚಾಡುವುದು ನಮ್ಮ ಓಣಿಗಳಲ್ಲಿ ವರ್ಷ ವರ್ಷದ ನೋಟ.

ನಮ್ಮ ಶಿರೋಳ ಭಾಗದಲ್ಲಿ ಇದಕ್ಕೆಲ್ಲ ಅನುಕೂಲ ಹೆಚ್ಚು. ಮಳೆಗಾಲದ ಹಸಿ, ಕೃಷ್ಣಾ ಪಂಚಗಂಗೆಯರ ದಡದ ಹುಲ್ಲು, ವರ್ಷವಿಡೀ ನಿಂತ ಕಬ್ಬು. ದಸರೆ ಕಳೆದು ಕಾರಖಾನೆಯ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಟೋಳಿಗಳು ತಮ್ಮ ದನ ಮತ್ತು ನಾಯಿಗಳೊಂದಿಗೆ ಬಂದು ಇಳಿಯುತ್ತವೆ. ಸುಗ್ಗಿಯಾದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವಾಗ ಧನಗರರ ನಾಯಿಗಳೂ ಜೊತೆಗೆ ಬರುತ್ತವೆ. ಅವರ ಉಣ್ಣಿ ನಮಗೆ, ನಮ್ಮ ಉಣ್ಣಿ ಅವರಿಗೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಹತ್ತು ಊರಿನ ದನ ನಾಯಿಗಳು ಒಂದೇ ಎತ್ತರದ ಜಾಗದಲ್ಲಿ ಒತ್ತಾಗಿ ನಿಂತದ್ದನ್ನು ನೆನೆದರೆ ಉಣ್ಣಿಗಳು ಹೇಗೆ ಊರೂರು ಸೇರುತ್ತವೆ ಎಂಬುದು ತಿಳಿಯುತ್ತದೆ. ನಾಯಿಗಳು ಬೆದೆಗೆ ಬರುವುದು ಹೆಚ್ಚಾಗಿ ಮಳೆಗಾಲದ ಕೊನೆಗೆ, ಮರಿ ಹಾಕುವುದು ದೀಪಾವಳಿಯಿಂದ ಕ್ರಿಸ್ಮಸ್ಸಿನ ನಡುವೆ. ಉಣ್ಣಿಗಳು ತುಂಬಿದ ಕಾಲಕ್ಕೂ ಗಬ್ಬದ ಕಾಲಕ್ಕೂ ಸರಿಯಾಗಿ ಗಂಟು ಬೀಳುತ್ತದೆ.

ಬಿಳಚಿದ ಮರಿಯೆಲ್ಲ ಈ ರೋಗದ್ದಲ್ಲ

ಈಗ ಹಾಲಿನ ಮಾತು. ನಾಯಿಯ ಕೊಕ್ಕೆಹುಳುವಿನ ಮರಿಗಳು ತಾಯಿಯ ಮಾಂಸದಲ್ಲಿ ಮಲಗಿದ್ದು, ಈದ ಮೇಲೆ ಹಾಲಿನಲ್ಲಿ ಇಳಿದು ಮರಿಗಳ ಕರುಳು ಸೇರುತ್ತವೆ. ಅಲ್ಲಿ ಕಚ್ಚಿ ರಕ್ತ ಹೀರುತ್ತವೆ. ಎರಡು ಮೂರು ವಾರದ ಮರಿ ಬಿಳಚಿ, ಕಪ್ಪು ಡಾಂಬರಿನಂತೆ ಮಲ ಹಾಕಿ ಸಾಯುವುದಕ್ಕೆ ಬಬೇಸಿಯಾಕ್ಕಿಂತ ಇದೇ ಹೆಚ್ಚು ಸಲ ಕಾರಣ. ದುಂಡುಹುಳುವಂತೂ ಬಬೇಸಿಯಾದ ಹಾಗೆ ಮಾಸಿನ ಮೂಲಕವೇ ಬರುತ್ತದೆ, ಮರಿಯ ಹೊಟ್ಟೆ ಡೊಳ್ಳಾಗುತ್ತದೆ. ಈ ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಚಿಕ್ಕ ಮಕ್ಕಳ ಬಾಯಿಗೆ ಹೋದರೆ ಕಣ್ಣಿಗೂ ಯಕೃತ್ತಿಗೂ ಹಾನಿಯಾಗಬಹುದು. ಹಿರಿಯರು ಹಾಲು ಕೆಟ್ಟಿದೆ ಎಂದದ್ದು ಅಷ್ಟರಮಟ್ಟಿಗೆ ಸರಿ. ಆದರೆ ಅದಕ್ಕೆಂದು ಮರಿಗಳನ್ನು ತಾಯಿಯಿಂದ ಬಿಡಿಸಬಾರದು. ಗಿಣ್ಣು ಹಾಲು ಇಲ್ಲದ ಮರಿ ಬೇರೆ ಹತ್ತು ರೋಗಕ್ಕೆ ಬಲಿಯಾಗುತ್ತದೆ. ಮರಿಗೆ ಎರಡು ವಾರವಾದಾಗ ಜಂತುಹುಳುವಿನ ಔಷಧಿ ಶುರುಮಾಡಿ, ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ ಕೊಡಬೇಕು. ತಾಯಿಗೂ ಅದೇ ದಿನ ಕೊಡಬೇಕು. ಖರ್ಚು ಬಹಳ ಕಡಿಮೆ.

ಯಾವುದು ಯಾವುದೆಂದು ಬರಿಗಣ್ಣಿನಿಂದ ಹೇಳಲಾಗದು. ಮಲ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆ ಕಾಣುತ್ತದೆ, ರಕ್ತದ ಲೇಪದಲ್ಲಿ ಬಬೇಸಿಯಾ ಕಾಣುತ್ತದೆ. ಕಿವಿಯ ತುದಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೊಗೆಲಿ ಜೋಡಿ ಪೇರುಹಣ್ಣಿನ ಆಕಾರದಲ್ಲಿ ದೊಡ್ಡದಾಗಿ ಕಾಣುತ್ತದೆ, ಗಿಬ್ಸೋನಿ ಸಣ್ಣ ಉಂಗುರದಂತೆ. ರೋಗಾಣು ಕಡಿಮೆಯಿದ್ದಾಗ ಲೇಪದಲ್ಲಿ ಸಿಗದೇ ಹೋಗಬಹುದು. ಆಗ ಪಿಸಿಆರ್ ಪರೀಕ್ಷೆ ಬೇಕು, ಅದು ಪಶುವೈದ್ಯಕೀಯ ಕಾಲೇಜುಗಳಲ್ಲಿ ಮತ್ತು ದೊಡ್ಡ ಪ್ರಯೋಗಶಾಲೆಗಳಲ್ಲಿ ಆಗುತ್ತದೆ. ಅಂಥ ಒಂದು ಸರಕಾರಿ ಪಶುವೈದ್ಯಕೀಯ ಕಾಲೇಜು ಸಾತಾರಾ ಜಿಲ್ಲೆಯ ಶಿರವಳದಲ್ಲಿದೆ. ಸತ್ತ ಮರಿಯನ್ನು ಕೂಡಲೇ ಹೂಳಿಬಿಡುವ ಬದಲು ಪಶು ದವಾಖಾನೆಗೆ ಒಯ್ದು ತೋರಿಸಿದರೆ ಉಳಿದ ಮರಿಗಳಿಗೆ ದಾರಿ ಸಿಗುತ್ತದೆ.

ಔಷಧಿಯ ವಿಷಯದಲ್ಲಿ ಎಚ್ಚರಿಕೆ

ವೊಗೆಲಿಗೆ ಡಿಮಿನಜೀನ್ ಅಥವಾ ಇಮಿಡೊಕಾರ್ಬ್ ಚುಚ್ಚುಮದ್ದು ಕೆಲಸ ಮಾಡುತ್ತದೆ. ಗಿಬ್ಸೋನಿ ಹಟಮಾರಿ. ಅದಕ್ಕೆ ಅಟೊವಕ್ವೋನ್ ಮತ್ತು ಅಜಿತ್ರೊಮೈಸಿನ್ ಒಟ್ಟಿಗೆ ಕೊಡಬೇಕಾಗುತ್ತದೆ, ದುಬಾರಿಯೂ ಹೌದು. ವಾಸಿಯಾದಂತೆ ಕಂಡ ನಾಯಿಯೂ ಬಾಳಿನುದ್ದಕ್ಕೆ ಸೋಂಕು ಹೊತ್ತಿರಬಹುದು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸುಮಾರು ನಾಲ್ಕು ವಾರ. ಅದು ಗಬ್ಬದ ನಾಯಿಗೆ ಕೊಟ್ಟರೆ ಮರಿಗಳ ಹಲ್ಲು ಎಲುಬಿಗೆ ತೊಂದರೆ ಎಂಬ ಕಾರಣಕ್ಕೆ ವೈದ್ಯರು ಬಹಳ ವಿಚಾರ ಮಾಡಿ ಕೊಡುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆಕಳಿಗೆ ತಂದ ಬೆರೆನಿಲ್ ಶೀಶೆಯಲ್ಲಿ ಉಳಿದದ್ದನ್ನು ಅಂದಾಜಿನಲ್ಲಿ ನಾಯಿಗೆ ಚುಚ್ಚುವ ರೂಢಿ ಹಲವು ಕಡೆ ಇದೆ. ಡಿಮಿನಜೀನ್ ಎಂದರೆ ಅದೇ. ನಾಯಿಗೆ ಪ್ರಮಾಣ ಸ್ವಲ್ಪ ಮೀರಿದರೆ, ಅಥವಾ ಬೇಗ ಎರಡನೆಯ ಸಲ ಕೊಟ್ಟರೆ, ಮೆದುಳಿಗೆ ಪೆಟ್ಟಾಗಿ ಓಲಾಡಿ ಬಿದ್ದು ಸಾಯಬಹುದು. ಜ್ವರವೆಂದು ಮನುಷ್ಯರ ಪ್ಯಾರಾಸಿಟಮಾಲ್, ಬ್ರೂಫೆನ್ ಗುಳಿಗೆ ಕೊಡುವುದೂ ಅಷ್ಟೇ ಅಪಾಯ. ಎಲ್ಲಕ್ಕಿಂತ ಕೆಟ್ಟದ್ದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಲ್ಲಿ ಕಲಸಿ ನಾಯಿಯ ಮೈಗೆ ಉಜ್ಜುವುದು. ಉಣ್ಣಿ ಸಾಯುತ್ತದೆ, ನಿಜ. ನಾಯಿ ಮೈ ನೆಕ್ಕುತ್ತದೆ, ಮರಿ ಅದೇ ಮೈಯ ಮೊಲೆ ಕುಡಿಯುತ್ತದೆ, ಮನೆಯ ಕೂಸು ಅದೇ ನಾಯಿಯನ್ನು ತಬ್ಬಿಕೊಳ್ಳುತ್ತದೆ.

ಬೆದೆಗೆ ಬರುವ ಮೊದಲೇ ಹೆಣ್ಣುನಾಯಿಯ ರಕ್ತ ಪರೀಕ್ಷೆ ಮಾಡಿಸುವುದು, ಸೋಂಕಿದ್ದರೆ ಮರಿ ಮಾಡಿಸದೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದು, ಇದೇ ಸರಿಯಾದ ದಾರಿ. ಗಟ್ಟಿ ನಾಯಿ, ಜಾಣ ನಾಯಿ, ಇದರದೊಂದು ಮರಿ ಬೇಕೇ ಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಗಿಬ್ಸೋನಿ ಇರುವ ತಾಯಿಯ ಮರಿಗಳನ್ನು ಸಾಯಲು ಹುಟ್ಟಿಸಿದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಧೋಳ ನಾಯಿಯ ಮರಿಯನ್ನು ಹಣ ಕೊಟ್ಟು ತರುವವರು ನಮ್ಮಲ್ಲಿ ಕಡಿಮೆಯಿಲ್ಲ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಎಲ್ಲಿಂದಲೇ ತನ್ನಿರಿ, ಮರಿಯ ಮೈಕಟ್ಟು ನೋಡುವುದರ ಜೊತೆಗೆ ತಾಯಿಯ ರಕ್ತ ಪರೀಕ್ಷೆ ಆಗಿದೆಯೇ ಎಂದೂ ಕೇಳಬೇಕು. ಮರಿ ಕೊಡುವವರು ಎಂಟು ವಾರ ತುಂಬುವ ಮೊದಲು ಕೊಡಬಾರದು. ಆ ಹೊತ್ತಿಗೆ ತಾಯಿಯಿಂದ ಬಂದ ರೋಗ ಇದ್ದರೆ ಬಹಳಮಟ್ಟಿಗೆ ಹೊರಬಿದ್ದಿರುತ್ತದೆ. ಹೋಗುವ ಮೊದಲು ಒಂದು ಹನಿ ರಕ್ತ ನೋಡಿಸಿದರೆ ಇನ್ನೂ ಒಳ್ಳೆಯದು.

ನಾಯಿಯ ಬಬೇಸಿಯಾ, ಹೆಪಟೊಜೂನ್ ಮನುಷ್ಯರಿಗೆ ಬರುವ ಭಯ ಬೇಡ. ಆದರೆ ಉಣ್ಣಿಯನ್ನು ಬೆರಳಿನಿಂದ ಹಿಸುಕಬಾರದು, ಬೇರೆ ರೋಗಗಳಿವೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆಯನ್ನು ಕಾಡಿನ ಉಣ್ಣಿ ಹರಡುತ್ತದೆ, 2016ರಲ್ಲಿ ಅದು ನಮ್ಮ ಪಕ್ಕದ ಸಿಂಧುದುರ್ಗದವರೆಗೆ ಬಂದಿತ್ತು. ದನಗಳ ಥೈಲೇರಿಯಾವೂ ಉಣ್ಣಿಯದೇ. ಮಿಶ್ರತಳಿಯ ಆಕಳು ಸಾಕಿದವರಿಗೆ ಅದರ ಪೆಟ್ಟು ಗೊತ್ತು. ಹುಟ್ಟಿ ಒಂದೆರಡು ದಿನದ ಕರುಗಳಲ್ಲಿಯೂ ಅದು ಕಂಡ ವರದಿಗಳು ನಮ್ಮ ದೇಶದಲ್ಲಿವೆ, ಅಲ್ಲಿಯೂ ದಾರಿ ತಾಯಿಯ ಮಾಸೇ.

ಉಣ್ಣಿಯ ಕೆಲಸ ಭಾದ್ರಪದಕ್ಕೆ ಮೊದಲೇ ಶುರುವಾಗಬೇಕು. ತಾಯಿಗೆ ಗಬ್ಬದಲ್ಲಿ ಯಾವ ಉಣ್ಣಿ ಔಷಧಿ ಕೊಡಬಹುದು ಎಂಬುದನ್ನು ವೈದ್ಯರಿಂದಲೇ ಕೇಳಿ. ಫ್ಲುರಲಾನರ್ ಗುಳಿಗೆ ಒಂದು ಸಲ ಕೊಟ್ಟರೆ ಎರಡು ಮೂರು ತಿಂಗಳು ತಡೆಯುತ್ತದೆ, ಬೆಲೆ ಮಾತ್ರ ಹೆಚ್ಚು. ಎಂಟು ವಾರದೊಳಗಿನ ಮರಿಗೆ ಗುಳಿಗೆಯೂ ಬೇಡ, ದನದ ಉಣ್ಣಿ ಔಷಧಿಯ ಸ್ನಾನವೂ ಬೇಡ. ಚಿಮಟಿಗೆಯಿಂದ ಉಣ್ಣಿಯನ್ನು ಚರ್ಮದ ಹತ್ತಿರ ಹಿಡಿದು ನೇರ ಎಳೆದು ಸೀಮೆಎಣ್ಣೆಯ ಡಬ್ಬಿಗೆ ಹಾಕಬೇಕು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಹೆಚ್ಚು ಇರುತ್ತವೆ. ಈಯುವ ಜಾಗದ ಹಳೆಯ ಗೋಣಿಚೀಲ ಸುಟ್ಟು, ಹೊಸದನ್ನು ಹಾಸಿ, ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಿ. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಬೇಕು, ನೆಲದಿಂದ ಆಳೆತ್ತರಕ್ಕೆ ಸಾಲದು, ಉಣ್ಣಿ ಮೇಲೆ ಹತ್ತುವ ಜಾತಿ, ಜಂತೆಯವರೆಗೂ ಬಳಿಯಿರಿ. ಕಲ್ಲಿನ ಕಟ್ಟಡವಾದರೆ ಗ್ಯಾಸಿನ ಉರಿಯನ್ನು ಸಂದಿಗೆ ಹಿಡಿಯಬಹುದು, ಮೇವಿನ ಬಣವೆ ದೂರವಿರಲಿ. ಮನೆಯಲ್ಲಿ ಜವಾರಿ ಕೋಳಿ ಇದ್ದರೆ ಹಗಲು ಕೊಟ್ಟಿಗೆಯಲ್ಲಿ ಬಿಡಿ, ಬಿದ್ದ ಉಣ್ಣಿಯನ್ನು ಹೆಕ್ಕಿ ತಿನ್ನುವುದರಲ್ಲಿ ಅವನ್ನು ಮೀರಿಸುವವರಿಲ್ಲ. ಆದರೆ ಅಲ್ಲಿ ಔಷಧಿ ಸಿಂಪಡಿಸಿದ ದಿನ ಕೋಳಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಡಿ.